ಈಚಲ ಮರದ ಕೆಳಗಿನ ಮಜ್ಜಿಗೆ: ಟ್ರಂಪ್ ನಂಟು ಹೊರದೇಶದ ನಾಯಕರಿಗೆ ಯಾಕೆ ದುಬಾರಿಯಾಗುತ್ತದೆ?

ಕೆನಡಾದ ನೇಪಿಯನ್ ಕ್ಷೇತ್ರದ ಹೆಸರು ನಮ್ಮಲ್ಲಿ ಹಲವರಿಗೆ ಗೊತ್ತು. ಶಿರಾ ತಾಲೂಕಿನ ದ್ವಾರಾಳು ಗ್ರಾಮದ ಚಂದ್ರ ಆರ್ಯ 2015ರಿಂದ ಅಲ್ಲಿನ ಸಂಸದರಾಗಿದ್ದರು. 2022ರ ಮೇ ತಿಂಗಳಲ್ಲಿ ಅವರು ಕೆನಡಾ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತಾಡಿದ ವಿಡಿಯೊ ಎಷ್ಟೋ ಜನರ ಫೋನಿಗೆ ಬಂದಿತ್ತು. 2025ರ ಚುನಾವಣೆಗೆ ಕೆಲವೇ ವಾರ ಮೊದಲು ಆಡಳಿತದಲ್ಲಿದ್ದ ಲಿಬರಲ್ ಪಕ್ಷ ಅವರ ಟಿಕೆಟ್ ವಾಪಸ್ ತೆಗೆದುಕೊಂಡಿತು. ಆ ಜಾಗಕ್ಕೆ ಬಂದವರು ಆಗಷ್ಟೇ ಪ್ರಧಾನಿಯಾಗಿದ್ದ ಮಾರ್ಕ್ ಕಾರ್ನಿ.

ನೇಪಿಯನ್‌ಗೆ ಅಂಟಿಕೊಂಡೇ ಕಾರ್ಲ್‌ಟನ್ ಇದೆ. ಎರಡೂ ರಾಜಧಾನಿ ಒಟ್ಟಾವದ ಹೊರವಲಯದ ಕ್ಷೇತ್ರಗಳು. ವಿರೋಧ ಪಕ್ಷವಾದ ಕನ್ಸರ್ವೇಟಿವ್ ಪಕ್ಷದ ನಾಯಕ ಪಿಯೇರ್ ಪೊಲಿಯೆವ್ 2004ರಿಂದಲೂ ಆ ಭಾಗದ ಸಂಸದ. ಏಪ್ರಿಲ್ 28ರ ರಾತ್ರಿ ಮತ ಎಣಿಕೆ ನಡೆಯಿತು. ಕಾರ್ನಿ ನೇಪಿಯನ್‌ನಲ್ಲಿ ಗೆದ್ದರು. ಪಕ್ಕದ ಕಾರ್ಲ್‌ಟನ್‌ನಲ್ಲಿ ಪೊಲಿಯೆವ್ ನಾಲ್ಕು ಸಾವಿರಕ್ಕೂ ಹೆಚ್ಚು ಮತಗಳಿಂದ ಸೋತರು. ಆ ವರ್ಷದ ಜನವರಿಯಲ್ಲಿ ಅವರ ಪಕ್ಷ ಸಮೀಕ್ಷೆಗಳಲ್ಲಿ ಲಿಬರಲ್ ಪಕ್ಷಕ್ಕಿಂತ 20 ಅಂಕಕ್ಕೂ ಹೆಚ್ಚು ಮುಂದಿತ್ತು. ಮುಂದಿನ ಪ್ರಧಾನಿ ಇವರೇ ಅನ್ನುವುದರಲ್ಲಿ ಯಾರಿಗೂ ಅನುಮಾನ ಇರಲಿಲ್ಲ.

ನಡುವೆ ಆ ದೇಶದ ರಾಜಕೀಯವನ್ನು ತಲೆಕೆಳಗು ಮಾಡಿದ್ದು ಕೆನಡಾದ ಮತದಾರರ ಪಟ್ಟಿಯಲ್ಲೇ ಇಲ್ಲದ ಒಬ್ಬ ವ್ಯಕ್ತಿ, ಡೊನಾಲ್ಡ್ ಟ್ರಂಪ್.

ಜನರಿಗೆ ಇಷ್ಟವಿಲ್ಲದ ನಾಯಕನ ಸ್ನೇಹ ಗೆಳೆಯರಿಗೂ ಪೆಟ್ಟು ಕೊಡುತ್ತದೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಕೆಲವು ದೇಶಗಳಲ್ಲಿ ಆ ಸ್ನೇಹದಿಂದ ಲಾಭವೂ ಆಗಿದೆ. ಹಾಗಾದರೆ ಯಾವಾಗ ಪೆಟ್ಟು, ಯಾವಾಗ ಲಾಭ? ನನಗೆ ಈ ಪ್ರಶ್ನೆ ಮುಖ್ಯ ಅನಿಸುತ್ತದೆ. ಒಂದು ದೇಶದ ಜನ ತಮ್ಮ ಮತವನ್ನು ತಮ್ಮದಾಗಿಯೇ ಇಟ್ಟುಕೊಳ್ಳಲು ಹೇಗೆ ಹೋರಾಡುತ್ತಾರೆ ಅನ್ನುವುದು ಇದರಲ್ಲಿ ಕಾಣುತ್ತದೆ.

ಕೆನಡಾದಲ್ಲಿ ಆದದ್ದನ್ನು ಸ್ವಲ್ಪ ನಿಧಾನವಾಗಿ ನೋಡೋಣ. 2025ರ ಜನವರಿ 6ರಂದು ಲಿಬರಲ್ ಪಕ್ಷದ ಆಗಿನ ಪ್ರಧಾನಿ ಜಸ್ಟಿನ್ ಟ್ರುಡೊ ರಾಜೀನಾಮೆ ಕೊಡುವುದಾಗಿ ಹೇಳಿದರು. ಬೆಲೆ ಏರಿಕೆ, ಮನೆ ಬಾಡಿಗೆ, ಪೆಟ್ರೋಲ್‌ನಂಥ ಇಂಧನದ ಮೇಲಿನ ಕಾರ್ಬನ್ ತೆರಿಗೆ, ಒಂಬತ್ತು ವರ್ಷದ ಆಡಳಿತದ ದಣಿವು, ಎಲ್ಲ ಸೇರಿ ಜನ ಅವರ ಮೇಲೆ ಬೇಸತ್ತಿದ್ದರು. ಪೊಲಿಯೆವ್ ಎರಡು ವರ್ಷದಿಂದ ಕಟ್ಟಿದ ಪ್ರಚಾರವೆಲ್ಲ ಈ ಬೇಸರದ ಮೇಲೆ ನಿಂತಿತ್ತು. ಕೆನಡಾ ಕೆಟ್ಟು ಕೂತಿದೆ, ನಾನು ಸರಿ ಮಾಡುತ್ತೇನೆ ಅನ್ನುವುದು ಅವರ ಮಾತು.

ಅದೇ ಹೊತ್ತಿಗೆ ಟ್ರಂಪ್ ಕೆನಡಾವನ್ನು ಅಮೆರಿಕದ 51ನೇ ರಾಜ್ಯ ಎಂದು ಕರೆಯಲು ಶುರು ಮಾಡಿದ್ದರು. ಟ್ರುಡೊ ಅವರನ್ನು ಪ್ರಧಾನಿ ಅನ್ನದೆ 'ಗವರ್ನರ್' ಅಂದರು. ಮೊದಲು ಜನ ತಮಾಷೆ ಅಂದುಕೊಂಡರು. ಫೆಬ್ರುವರಿ 1ರಂದು ಕೆನಡಾದ ವಸ್ತುಗಳ ಮೇಲೆ ಶೇ 25ರ ಸುಂಕದ ಆದೇಶಕ್ಕೆ ಟ್ರಂಪ್ ಸಹಿ ಹಾಕಿದರು. ಒಂದು ತಿಂಗಳು ಮುಂದೂಡಿ ಮಾರ್ಚ್ 4ರಂದು ಜಾರಿಗೂ ತಂದರು. ಅಷ್ಟು ಹೊತ್ತಿಗೆ ತಮಾಷೆ ಅನ್ನುವ ಮಾತು ಉಳಿದಿರಲಿಲ್ಲ. ಐಸ್ ಹಾಕಿ ಪಂದ್ಯಗಳಲ್ಲಿ ಅಮೆರಿಕದ ರಾಷ್ಟ್ರಗೀತೆ ಬಂದಾಗ ಜನ ಕೂಗಿ ವಿರೋಧಿಸಿದರು. ಒಂಟಾರಿಯೊದ ಸರ್ಕಾರಿ ಮದ್ಯದಂಗಡಿಗಳು ಅಮೆರಿಕದ ಬಾಟಲಿಗಳನ್ನು ಕಪಾಟಿನಿಂದ ಇಳಿಸಿದವು. ದಿನಸಿ ಅಂಗಡಿಗಳಲ್ಲಿ ಯಾವುದು ಕೆನಡಾದ ಮಾಲು ಅಂತ ಜನ ಚೀಟಿ ನೋಡಿ ಕೊಳ್ಳತೊಡಗಿದರು. ಫೆಬ್ರುವರಿ 20ರಂದು ಬಾಸ್ಟನ್‌ನಲ್ಲಿ ನಡೆದ ಹಾಕಿ ಫೈನಲ್‌ನಲ್ಲಿ ಕೆನಡಾ ಅಮೆರಿಕವನ್ನು 3–2ರಿಂದ ಸೋಲಿಸಿತು. ನಮ್ಮ ದೇಶವನ್ನೂ ಕಿತ್ತುಕೊಳ್ಳಲಾಗದು, ನಮ್ಮ ಆಟವನ್ನೂ ಕಿತ್ತುಕೊಳ್ಳಲಾಗದು ಎಂದು ಟ್ರುಡೊ ಬರೆದರು. ಜನ ಬೈಯುತ್ತಿದ್ದ ಅದೇ ಟ್ರುಡೊ ಆ ದಿನ ಅವರ ಮನಸ್ಸಿನ ಮಾತು ಆಡಿದ್ದರು.

ಚುನಾವಣೆಯ ಪ್ರಶ್ನೆಯೇ ಬದಲಾಗಿಹೋಯಿತು. ಟ್ರುಡೊ ಬೇಕಾ ಬೇಡವಾ ಅನ್ನುವ ಪ್ರಶ್ನೆ ಹೋಯಿತು, ಏಕೆಂದರೆ ಟ್ರುಡೊ ಕಣದಲ್ಲೇ ಇರಲಿಲ್ಲ. ಟ್ರಂಪ್ ಎದುರು ಯಾರು ನಿಲ್ಲುತ್ತಾರೆ ಅನ್ನುವುದು ಹೊಸ ಪ್ರಶ್ನೆ. ಅದಕ್ಕೆ ಲಿಬರಲ್ ಪಕ್ಷದ ಬಳಿ ಹೇಳಿ ಮಾಡಿಸಿದಂಥ ಉತ್ತರ ಇತ್ತು. ಕಾರ್ನಿ ಕೆನಡಾದ ಕೇಂದ್ರ ಬ್ಯಾಂಕಿಗೂ ಇಂಗ್ಲೆಂಡಿನ ಕೇಂದ್ರ ಬ್ಯಾಂಕಿಗೂ ಗವರ್ನರ್ ಆಗಿದ್ದವರು. 2008ರ ಹಣಕಾಸು ಬಿಕ್ಕಟ್ಟನ್ನೂ ಬ್ರೆಕ್ಸಿಟ್ ಗಲಿಬಿಲಿಯನ್ನೂ ಒಳಗಿನಿಂದ ಕಂಡವರು. ಜನರನ್ನು ಕಾಡುತ್ತಿದ್ದ ಕಾರ್ಬನ್ ತೆರಿಗೆಯನ್ನೂ ಅವರು ಬಂದ ತಕ್ಷಣ ಸೊನ್ನೆಗೆ ಇಳಿಸಿದರು. ಪೊಲಿಯೆವ್ ಕೈಯಲ್ಲಿದ್ದ ದೊಡ್ಡ ಅಸ್ತ್ರ ಅಲ್ಲಿಗೆ ಮೊಂಡಾಯಿತು.

ಇಲ್ಲಿ ನಾವು ಗಮನಿಸಬೇಕಾದ ಒಂದು ಸಂಗತಿ ಇದೆ. ಟ್ರಂಪ್ ಪೊಲಿಯೆವ್‌ಗೆ ಬೆಂಬಲ ಕೊಡಲೇ ಇಲ್ಲ. ಮಾರ್ಚ್‌ನಲ್ಲಿ ಒಂದು ಟಿವಿ ಸಂದರ್ಶನದಲ್ಲಿ, ಆ ಕನ್ಸರ್ವೇಟಿವ್ ಅಭ್ಯರ್ಥಿ ನನ್ನ ಗೆಳೆಯನಲ್ಲ, ಲಿಬರಲ್ ಜೊತೆ ವ್ಯವಹಾರ ಮಾಡುವುದೇ ಸುಲಭ ಎಂದು ಹೇಳಿದರು. ಆದರೂ ಟ್ರಂಪ್ ಮೇಲಿನ ಸಿಟ್ಟಿನ ಬಿಸಿ ತಟ್ಟಿದ್ದು ಪೊಲಿಯೆವ್‌ಗೆ.

ಈಚಲ ಮರದ ಕೆಳಗೆ ಕೂತು ಮಜ್ಜಿಗೆ ಕುಡಿದರೂ ಹೆಂಡ ಅಂತಾರೆ ಎಂಬ ಗಾದೆ ನಮ್ಮಲ್ಲಿದೆ. ಪೊಲಿಯೆವ್ ಆ ಮರದ ಕೆಳಗೆ ಹೋಗಿ ಕೂತದ್ದು 2025ರಲ್ಲಿ ಅಲ್ಲ. ಎದುರಾಳಿಗಳಿಗೆ ಅಡ್ಡಹೆಸರು ಇಡುವುದು, ಪತ್ರಕರ್ತರ ಮೇಲೆ ಹರಿಹಾಯುವುದು, ಸರ್ಕಾರಿ ಪ್ರಸಾರ ಸಂಸ್ಥೆ ಸಿಬಿಸಿಗೆ ದುಡ್ಡು ನಿಲ್ಲಿಸುತ್ತೇನೆ ಅನ್ನುವುದು, 2022ರಲ್ಲಿ ಕೋವಿಡ್ ಲಸಿಕೆ ನಿಯಮ ವಿರೋಧಿಸಿ ಒಟ್ಟಾವದ ಬೀದಿಗಳನ್ನು ಮುಚ್ಚಿ ಕೂತ ಟ್ರಕ್ ಚಾಲಕರ ಬೆನ್ನಿಗೆ ನಿಲ್ಲುವುದು, ಇವೆಲ್ಲ ಅವರನ್ನು ಪಕ್ಷದ ನಾಯಕತ್ವಕ್ಕೆ ಏರಿಸಿದ ಮೆಟ್ಟಿಲುಗಳು. ಆಗ ಆ ಹೋಲಿಕೆಯಿಂದ ಲಾಭವೇ ಆಗಿತ್ತು. ಇಲಾನ್ ಮಸ್ಕ್ ಹೊಗಳಿದಾಗಲೂ ಅದು ನಷ್ಟದಂತೆ ಕಾಣಲಿಲ್ಲ. ಪಕ್ಕದ ಮನೆಯವನು ನಮ್ಮ ಹಿತ್ತಲಿನ ಬೇಲಿ ಕೀಳಲು ಬಂದ ಮೇಲೆ ಅದೇ ಹೋಲಿಕೆ ಹಣೆಯ ಮೇಲಿನ ಮುದ್ರೆಯಾಯಿತು. ಮುದ್ರೆ ಒತ್ತಿದವರು ಮತದಾರರು. ಟ್ರಂಪ್ 'ಇವನು ನನ್ನವನಲ್ಲ' ಅಂದರೂ ಅದು ಅಳಿಸಲಿಲ್ಲ.

ಆಲ್ಬರ್ಟ ಪ್ರಾಂತ್ಯದ ಮುಖ್ಯಸ್ಥೆ ಡೇನಿಯಲ್ ಸ್ಮಿತ್ ಆಡಿದ ಮಾತು ಈ ಮುದ್ರೆಯನ್ನು ಇನ್ನೂ ಗಾಢ ಮಾಡಿತು. ಅವರು ಪೊಲಿಯೆವ್ ಪರ ಇರುವವರು. ಅಮೆರಿಕದ ಬಲಪಂಥೀಯ ಜಾಲತಾಣವೊಂದಕ್ಕೆ ಕೊಟ್ಟ ಸಂದರ್ಶನದಲ್ಲಿ, ಸುಂಕದ ಬೆದರಿಕೆಯಿಂದ ಲಿಬರಲ್‌ಗಳಿಗೆ ಲಾಭ ಆಗುತ್ತಿದೆ, ಚುನಾವಣೆ ಮುಗಿಯುವ ತನಕ ಸ್ವಲ್ಪ ನಿಲ್ಲಿಸಿ ಎಂದು ಅಮೆರಿಕದ ಅಧಿಕಾರಿಗಳಿಗೆ ಹೇಳಿದ್ದಾಗಿ ತಿಳಿಸಿದರು. ಪೊಲಿಯೆವ್ ಅವರ ನೋಟ ಅಮೆರಿಕದ ಹೊಸ ದಿಕ್ಕಿಗೆ ಚೆನ್ನಾಗಿ ಹೊಂದುತ್ತದೆ ಎಂದೂ ಹೇಳಿದರು. ಗೆಳೆಯನಿಗೆ ನೆರವಾಗಲು ಆಡಿದ ಮಾತು ಎದುರಾಳಿಯ ಪ್ರಚಾರಕ್ಕೆ ಸಿಕ್ಕ ಅತ್ಯುತ್ತಮ ಸಾಕ್ಷಿಯಾಯಿತು.

ಹಾಗಾದರೆ ಪೊಲಿಯೆವ್ ಟ್ರಂಪ್ ವಿರುದ್ಧ ಜೋರಾಗಿ ಗುಡುಗಬಹುದಿತ್ತು, ಅಲ್ವಾ? ಸುಲಭ ಇರಲಿಲ್ಲ. ಅವರ ಬೆಂಬಲಿಗರಲ್ಲೇ ಒಂದು ಭಾಗಕ್ಕೆ ಟ್ರಂಪ್ ಇಷ್ಟ. 2021ರಲ್ಲಿ ಇನ್ನೂ ಬಲಕ್ಕಿರುವ ಪೀಪಲ್ಸ್ ಪಾರ್ಟಿ ಸುಮಾರು ಶೇ 5ರಷ್ಟು ಮತ ಪಡೆದು ಕನ್ಸರ್ವೇಟಿವ್‌ಗಳ ಬುಟ್ಟಿಗೆ ಕೈ ಹಾಕಿತ್ತು. ಪೊಲಿಯೆವ್ ಆ ಮತದಾರರನ್ನು ಮನೆಗೆ ಕರೆತಂದಿದ್ದರು. 2025ರಲ್ಲಿ ಆ ಪಕ್ಷಕ್ಕೆ ಶೇ 1ರಷ್ಟೂ ಸಿಗಲಿಲ್ಲ. ಅವರನ್ನು ಮತ್ತೆ ಕಳೆದುಕೊಳ್ಳುವ ಭಯ ಒಂದು ಕಡೆ, ಮಧ್ಯದ ಮತದಾರ ದೂರ ಹೋಗುವ ಭಯ ಇನ್ನೊಂದು ಕಡೆ. ಫೆಬ್ರುವರಿ ಮಧ್ಯದಲ್ಲಿ 'ಕೆನಡಾ ಮೊದಲು' ಎಂಬ ಘೋಷಣೆಯೊಂದಿಗೆ ಪ್ರಚಾರ ಬದಲಿಸಿದರು. ಆ ಘೋಷಣೆ ಕೂಡ 'ಅಮೆರಿಕ ಮೊದಲು' ಎಂಬ ಟ್ರಂಪ್ ಮಾತಿನ ಪ್ರತಿಧ್ವನಿಯಂತೆ ಕೇಳಿಸಿತು. ಮತದಾನದ ದಿನ ಟ್ರಂಪ್ ಮತ್ತೆ 51ನೇ ರಾಜ್ಯದ ಮಾತು ತೆಗೆದಾಗ, ನಮ್ಮ ಚುನಾವಣೆಯಿಂದ ದೂರ ಇರಿ ಎಂದು ಪೊಲಿಯೆವ್ ನೇರವಾಗಿ ಹೇಳಿದರು. ಅಷ್ಟರಲ್ಲಿ ಲಕ್ಷಗಟ್ಟಲೆ ಜನ ಮುಂಗಡವಾಗಿಯೇ ಮತ ಹಾಕಿ ಮುಗಿಸಿದ್ದರು.

ಈಗ ಅಂಕಿಗಳನ್ನು ನೋಡಿದರೆ ಕಥೆ ಇನ್ನೊಂದು ತಿರುವು ಪಡೆಯುತ್ತದೆ. ಕನ್ಸರ್ವೇಟಿವ್ ಮತ ಕುಸಿಯಲಿಲ್ಲ. 2021ರಲ್ಲಿ ಶೇ 33.7 ಇದ್ದದ್ದು 2025ರಲ್ಲಿ ಶೇ 41.3ಕ್ಕೆ ಏರಿತು. ಸೀಟುಗಳು 119ರಿಂದ 144 ಆದವು. ಸೋತ ಪಕ್ಷ ಇಷ್ಟು ಬೆಳೆದದ್ದು ಯಾಕೆ, ಬೆಳೆದೂ ಸೋತದ್ದು ಯಾಕೆ? ಉತ್ತರ ಮೂರನೇ ಪಕ್ಷದಲ್ಲಿದೆ. ಎಡಪಂಥದ ನ್ಯೂ ಡೆಮಾಕ್ರಟಿಕ್ ಪಾರ್ಟಿ ಶೇ 17.8ರಿಂದ ಶೇ 6.3ಕ್ಕೆ ಬಿತ್ತು. 25 ಸೀಟು ಇದ್ದದ್ದು 7 ಆಯಿತು. ಅದರ ನಾಯಕ ಜಗ್ಮೀತ್ ಸಿಂಗ್ ಕೂಡ ಸೋತರು. ಕ್ವಿಬೆಕ್ ಪ್ರಾಂತ್ಯದ ಬ್ಲಾಕ್ ಪಕ್ಷ 32ರಿಂದ 22ಕ್ಕೆ ಇಳಿಯಿತು. ಈ ಎರಡೂ ಪಕ್ಷಗಳಿಂದ ಹೊರಟ ಬಹಳಷ್ಟು ಮತ ಲಿಬರಲ್ ಕಡೆ ಹರಿಯಿತು. ಲಿಬರಲ್ ಪಕ್ಷ ಶೇ 43.8 ಮತ, 343ರಲ್ಲಿ 169 ಸೀಟು ಪಡೆಯಿತು.

ಕೆನಡಾದಲ್ಲೂ ನಮ್ಮಂತೆಯೇ ಹೆಚ್ಚು ಮತ ಪಡೆದವರು ಗೆಲ್ಲುವ ಪದ್ಧತಿ. ತ್ರಿಕೋನ ಸ್ಪರ್ಧೆಯಲ್ಲಿ ಮತ ಒಡೆದರೆ ಯಾರಿಗೆ ಲಾಭ ಅನ್ನುವುದು ಕರ್ನಾಟಕದ ಮತದಾರರಿಗೆ ಯಾರೂ ಹೇಳಿಕೊಡಬೇಕಿಲ್ಲ. ಪೊಲಿಯೆವ್ ಲೆಕ್ಕಾಚಾರ ನಿಂತಿದ್ದು ಎದುರಿನ ಮತ ಒಡೆಯುತ್ತದೆ ಎಂಬುದರ ಮೇಲೆ. ಟ್ರಂಪ್ ಆ ಒಡಕನ್ನು ಹೊಲಿದುಬಿಟ್ಟರು. ನನ್ನ ಮಟ್ಟಿಗೆ ಈ ಇಡೀ ವಿಷಯದ ತಿರುಳು ಇದು. ಹೊರಗಿನ ನಾಯಕನ ನೆರಳು ಬಿದ್ದಾಗ ಗೆಳೆಯನ ಸ್ವಂತ ಮತ ಕಡಿಮೆಯಾಗಲೇಬೇಕು ಅಂತಿಲ್ಲ. ಚದುರಿದ್ದ ಎದುರಾಳಿಗಳು ಭಯದಿಂದ ಒಂದೇ ಸೂರಿನಡಿ ಬರುತ್ತಾರೆ. ಏಟು ಅಲ್ಲಿಂದ ಬೀಳುತ್ತದೆ.

ಇನ್ನೊಂದು ಮಾತನ್ನು ಪ್ರಾಮಾಣಿಕವಾಗಿ ಸೇರಿಸಬೇಕು. ಕಾರ್ಲ್‌ಟನ್ ಸೋಲಿಗೆ ಟ್ರಂಪ್ ಒಬ್ಬರೇ ಕಾರಣವಲ್ಲ. ಒಟ್ಟಾವ ಸರ್ಕಾರಿ ನೌಕರರ ಊರು. ನೌಕರರ ಸಂಖ್ಯೆ ಇಳಿಸುವ ಮಾತು ಅಲ್ಲಿ ಯಾರಿಗೂ ಹಿಡಿಸುವುದಿಲ್ಲ. ವಾರಗಟ್ಟಲೆ ಟ್ರಕ್ ಹಾರ್ನ್ ಕೇಳಿ ನಿದ್ದೆಗೆಟ್ಟ ನೆನಪೂ ಆ ನಗರದಲ್ಲಿ ಹಸಿಯಾಗಿತ್ತು.

ಐದು ದಿನ ಕಳೆದು, ಮೇ 3ರಂದು ಆಸ್ಟ್ರೇಲಿಯಾದಲ್ಲೂ ವಿರೋಧ ಪಕ್ಷದ ನಾಯಕ ತಮ್ಮ ಸ್ವಂತ ಕ್ಷೇತ್ರ ಕಳೆದುಕೊಂಡರು. ಪೀಟರ್ ಡಟ್ಟನ್ 2001ರಿಂದ ಬ್ರಿಸ್ಬೇನ್ ಬಳಿಯ ಡಿಕ್ಸನ್ ಕ್ಷೇತ್ರದ ಸಂಸದ. ಆಂಥನಿ ಆಲ್ಬನೀಸ್ ಅವರ ಲೇಬರ್ ಪಕ್ಷ 150ರಲ್ಲಿ 94 ಸೀಟು ಗೆದ್ದಿತು. ಡಟ್ಟನ್ ಅವರ ಮೈತ್ರಿಕೂಟ 43ಕ್ಕೆ ನಿಂತಿತು. ಆಸ್ಟ್ರೇಲಿಯಾವನ್ನು ಯಾರೂ ನುಂಗುತ್ತೇನೆ ಅಂದಿರಲಿಲ್ಲ. ಹೆಚ್ಚಿನ ವಸ್ತುಗಳ ಮೇಲೆ ಸುಂಕವೂ ಶೇ 10 ಮಾತ್ರ. ಅಲ್ಲಿ ಕೆಲಸ ಮಾಡಿದ್ದು ನಕಲಿನ ವಾಸನೆ. 41 ಸಾವಿರ ಸರ್ಕಾರಿ ಹುದ್ದೆ ಕಡಿಮೆ ಮಾಡುತ್ತೇವೆ, ನೌಕರರು ಮನೆಯಿಂದ ಕೆಲಸ ಮಾಡುವುದನ್ನು ನಿಲ್ಲಿಸುತ್ತೇವೆ ಎಂದು ಡಟ್ಟನ್ ಪಕ್ಷ ಹೇಳಿತು. ಅಮೆರಿಕದಲ್ಲಿ ಮಸ್ಕ್ ಸರ್ಕಾರಿ ನೌಕರರನ್ನು ಸಾಲುಸಾಲಾಗಿ ಮನೆಗೆ ಕಳುಹಿಸುತ್ತಿದ್ದ ದಿನಗಳವು. ಸರ್ಕಾರದ ದಕ್ಷತೆ ಹೆಚ್ಚಿಸುವ ಹೊಣೆ ಹೊತ್ತಿದ್ದ ಪಕ್ಷದ ಸಂಸದೆ ಜಸಿಂಟಾ ಪ್ರೈಸ್, ಆಸ್ಟ್ರೇಲಿಯಾವನ್ನು ಮತ್ತೆ ಶ್ರೇಷ್ಠ ಮಾಡೋಣ ಎಂದು ವೇದಿಕೆಯಲ್ಲೇ ಹೇಳಿದರು. ಮನೆಯಿಂದ ಕೆಲಸದ ವಿಷಯದಲ್ಲಿ ಡಟ್ಟನ್ ಏಪ್ರಿಲ್‌ನಲ್ಲಿ ಕ್ಷಮೆ ಕೇಳಿ ಹಿಂದೆ ಸರಿದರು. ಜನ ಆಗಲೇ ಒಂದು ತೀರ್ಮಾನಕ್ಕೆ ಬಂದಿದ್ದರು. ಏಳು ಕಡೆ ಪರಮಾಣು ವಿದ್ಯುತ್ ಸ್ಥಾವರ ಕಟ್ಟುವ ಅವರ ಯೋಜನೆಯೂ ಮತದಾರರಿಗೆ ಒಗ್ಗಲಿಲ್ಲ. ಫಲಿತಾಂಶದ ಮರುದಿನ ಟ್ರಂಪ್ ಆಲ್ಬನೀಸ್ ಅವರನ್ನು ಹೊಗಳಿ, ಎದುರು ನಿಂತವರು ಯಾರೋ ತನಗೆ ಗೊತ್ತೇ ಇಲ್ಲ ಅಂದರು.

ಇದು ಟ್ರಂಪ್ ಕಾಲದ ಹೊಸ ಸಂಗತಿ ಏನಲ್ಲ. 1946ರ ಅರ್ಜೆಂಟೀನಾ ನೋಡಿ. ಅಲ್ಲಿ ಅಮೆರಿಕದ ರಾಯಭಾರಿಯಾಗಿದ್ದ ಸ್ಪ್ರೂಯಿಲ್ ಬ್ರೇಡನ್ ಎಂಬವರು ಹುವಾನ್ ಪೆರೋನ್ ಅಧಿಕಾರಕ್ಕೆ ಬರಬಾರದು ಅಂತ ಬಹಿರಂಗವಾಗಿ ಓಡಾಡಿದ್ದರು. ಮತದಾನಕ್ಕೆ ಎರಡು ವಾರ ಇರುವಾಗ ಪೆರೋನ್ ಬಳಗಕ್ಕೂ ನಾಜಿಗಳಿಗೂ ನಂಟಿತ್ತು ಎಂದು ಹೇಳುವ ದಾಖಲೆಯೊಂದನ್ನು ಅಮೆರಿಕ ಹೊರಡಿಸಿತು. ಪೆರೋನ್ ಹೆದರಲಿಲ್ಲ. 'ಬ್ರೇಡನ್ ಅಥವಾ ಪೆರೋನ್' ಎಂದು ಗೋಡೆಗಳ ಮೇಲೆ ಬರೆಸಿದರು. ಎದುರು ನಿಂತ ಅರ್ಜೆಂಟೀನಾದ ಪಕ್ಷಗಳು ಮತದಾರರ ಕಣ್ಣಿಗೆ ಕಾಣದಂತಾದವು. ಕಂಡದ್ದು ಅವುಗಳ ಹಿಂದೆ ನಿಂತ ವಿದೇಶಿ. ಫೆಬ್ರುವರಿ 24ರಂದು ಪೆರೋನ್ ಗೆದ್ದರು.

2002ರಲ್ಲಿ ಬೊಲಿವಿಯಾದಲ್ಲೂ ಹೀಗೇ ಆಯಿತು. ಇವೊ ಮೊರಾಲೆಸ್‌ಗೆ ಮತ ಹಾಕಿದರೆ ನೆರವು ನಿಲ್ಲಬಹುದು ಎಂದು ಅಮೆರಿಕದ ರಾಯಭಾರಿ ಎಚ್ಚರಿಸಿದರು. ಹಿಂದೆ ಇದ್ದ ಮೊರಾಲೆಸ್ ಎರಡನೇ ಸ್ಥಾನಕ್ಕೆ ನುಗ್ಗಿದರು. ಗೆದ್ದವರಿಗೂ ಅವರಿಗೂ ಎರಡು ಅಂಕದಷ್ಟೂ ಅಂತರ ಇರಲಿಲ್ಲ. ಮುಂದಿನ ಚುನಾವಣೆಯಲ್ಲಿ ಅಧ್ಯಕ್ಷರೇ ಆದರು.

ಅಮೆರಿಕದವರಿಗೂ ಇದೇ ಸ್ವಭಾವ. 2004ರಲ್ಲಿ ಬ್ರಿಟನ್ನಿನ ಗಾರ್ಡಿಯನ್ ಪತ್ರಿಕೆ ಓಹಾಯೊ ರಾಜ್ಯದ ಕ್ಲಾರ್ಕ್ ಕೌಂಟಿಯ ಮತದಾರರಿಗೆ ಪತ್ರ ಬರೆಯಿರಿ ಎಂದು ತನ್ನ ಓದುಗರಿಗೆ ಕರೆ ಕೊಟ್ಟಿತು. ಸಾವಿರಾರು ಪತ್ರ ಹೋದವು, ಬಹಳಷ್ಟು ಬುಷ್ ವಿರುದ್ಧ. 2000ರಲ್ಲಿ ಅಲ್ ಗೋರ್ ಗೆದ್ದಿದ್ದ ಆ ಕೌಂಟಿ 2004ರಲ್ಲಿ ಬುಷ್ ಪಾಲಾಯಿತು. ಪತ್ರಗಳೇ ಕಾರಣ ಅಂತ ಸಾಧಿಸಲು ಆಗದು. ಆದರೆ ನೀವು ಯಾರು ನಮಗೆ ಹೇಳುವುದಕ್ಕೆ ಎಂದು ಅಲ್ಲಿನ ಜನ ಕೆರಳಿದ್ದಂತೂ ನಿಜ.

ನನ್ನ ದೃಷ್ಟಿಯಲ್ಲಿ ಈ ವಿಷಯದ ಅತ್ಯಂತ ಸ್ಪಷ್ಟ ಉದಾಹರಣೆ ಬ್ರೆಜಿಲ್. ಅಲ್ಲಿ ಟ್ರಂಪ್ ಬೆಂಬಲ ಬಹಿರಂಗವಾಗಿಯೇ ಇತ್ತು, ಜೊತೆಗೆ ಶಿಕ್ಷೆಯೂ ಬಂತು. 2022ರ ಚುನಾವಣೆ ಸೋತ ಮೇಲೆ ಅಧಿಕಾರ ಉಳಿಸಿಕೊಳ್ಳಲು ಸಂಚು ಮಾಡಿದ ಆರೋಪದಲ್ಲಿ ಮಾಜಿ ಅಧ್ಯಕ್ಷ ಜೈರ್ ಬೊಲ್ಸೊನಾರೊ ವಿಚಾರಣೆ ಎದುರಿಸುತ್ತಿದ್ದರು. 2025ರ ಜುಲೈ 9ರಂದು ಟ್ರಂಪ್ ಅಧ್ಯಕ್ಷ ಲೂಲಾ ಅವರಿಗೆ ಪತ್ರ ಬರೆದು, ಈ ವಿಚಾರಣೆ ತಕ್ಷಣ ನಿಲ್ಲಬೇಕು ಎಂದು ಹೇಳಿ ಶೇ 50ರ ಸುಂಕ ಹೇರಿದರು. ಬ್ರೆಜಿಲ್ ಜೊತೆಗಿನ ವ್ಯಾಪಾರದಲ್ಲಿ ಲಾಭ ಇದ್ದದ್ದು ಅಮೆರಿಕಕ್ಕೇ. ಹಾಗಾಗಿ ವ್ಯಾಪಾರದ ನೆಪಕ್ಕೂ ಜಾಗ ಇರಲಿಲ್ಲ. ಬೊಲ್ಸೊನಾರೊ ಮಗ ಎಡುವಾರ್ಡೊ ಆಗ ಅಮೆರಿಕದಲ್ಲೇ ಕೂತು ತಂದೆಯ ಪರ ಒತ್ತಡ ತರುತ್ತಿದ್ದರು.

ಸುಮ್ನೆ ಯೋಚಿಸಿ. ಒಬ್ಬ ಕಾಫಿ ಬೆಳೆಗಾರ ಇದ್ದಾನೆ, ಅಥವಾ ದನದ ಮಾಂಸ ರಫ್ತು ಮಾಡುವ ಕಾರ್ಖಾನೆಯ ಕೆಲಸಗಾರ. ಅವನ ಊಟಕ್ಕೆ ಕಲ್ಲು ಬಿದ್ದದ್ದು ಒಂದು ರಾಜಕೀಯ ಕುಟುಂಬವನ್ನು ಉಳಿಸಲು. ಚಿಕ್ಕಮಗಳೂರು, ಕೊಡಗಿನ ಬೆಳೆಗಾರರು ಬ್ರೆಜಿಲ್‌ನ ಫಸಲು, ಬೆಲೆ ಎರಡನ್ನೂ ದಿನಾ ನೋಡುವವರು. ಆ ಸುಂಕದ ಬಿಸಿ ಹೇಗಿರುತ್ತದೆ ಅಂತ ಅವರಿಗೆ ಬಿಡಿಸಿ ಹೇಳಬೇಕಿಲ್ಲ.

ಸಮೀಕ್ಷೆಗಳಲ್ಲಿ ಕುಗ್ಗಿದ್ದ ಲೂಲಾ ಚೇತರಿಸಿಕೊಂಡರು. ಬ್ರೆಜಿಲ್ ಬ್ರೆಜಿಲಿಯನ್ನರದ್ದು ಎಂದು ಬರೆದ ನೀಲಿ ಟೋಪಿ ಹಾಕಿಕೊಂಡು ಅವರ ಕಡೆಯವರು ಓಡಾಡಿದರು. ಇತ್ತ ಸೆಪ್ಟೆಂಬರ್ 7ರಂದು, ಬ್ರೆಜಿಲ್‌ನ ಸ್ವಾತಂತ್ರ್ಯ ದಿನದಂದು, ಸಾವ್ ಪಾಲೊ ನಗರದ ಮುಖ್ಯ ರಸ್ತೆಯಲ್ಲಿ ಬೊಲ್ಸೊನಾರೊ ಬೆಂಬಲಿಗರು ಅಮೆರಿಕದ ಒಂದು ದೈತ್ಯ ಬಾವುಟ ಬಿಚ್ಚಿದರು. ವರ್ಷಗಟ್ಟಲೆ ದೇಶದ ಹಳದಿ ಅಂಗಿಯನ್ನು ತಮ್ಮ ಗುರುತಾಗಿ ಮಾಡಿಕೊಂಡಿದ್ದ ಜನ ಇವರು. ದೇಶಭಕ್ತಿಯೇ ಅವರ ದೊಡ್ಡ ಬಂಡವಾಳವಾಗಿತ್ತು. ಅದನ್ನು ತಾವಾಗಿಯೇ ಲೂಲಾ ಕೈಗೆ ಕೊಟ್ಟರು. ನಾಲ್ಕು ದಿನ ಬಿಟ್ಟು ನ್ಯಾಯಾಲಯ ಬೊಲ್ಸೊನಾರೊಗೆ 27 ವರ್ಷ 3 ತಿಂಗಳ ಶಿಕ್ಷೆ ವಿಧಿಸಿತು. ನವೆಂಬರ್‌ನಲ್ಲಿ ಟ್ರಂಪ್ ಕಾಫಿ, ಮಾಂಸದ ಮೇಲಿನ ಹೆಚ್ಚುವರಿ ಸುಂಕ ತೆಗೆದರು. ಕಾಫಿ ಬೆಲೆ ಏರಿ ಅಮೆರಿಕದ ಗ್ರಾಹಕರೇ ಗೊಣಗತೊಡಗಿದ್ದರು. ಗೆಳೆಯನ ಬಿಡುಗಡೆ ಮಾತ್ರ ಆಗಲಿಲ್ಲ.

ಇಷ್ಟು ಹೇಳಿ ನಿಲ್ಲಿಸಿದರೆ ಅರ್ಧ ಸತ್ಯ ಹೇಳಿದಂತೆ. ಪೋಲೆಂಡ್‌ನಲ್ಲಿ ಉಲ್ಟಾ ಆಯಿತು. 2025ರ ಮೇ 1ರಂದು ಟ್ರಂಪ್ ಅಧ್ಯಕ್ಷ ಅಭ್ಯರ್ಥಿ ಕರೋಲ್ ನವ್ರೋಟ್ಸ್ಕಿ ಅವರನ್ನು ಶ್ವೇತಭವನದಲ್ಲಿ ಭೇಟಿ ಮಾಡಿದರು. ಮತದಾನಕ್ಕೆ ಕೆಲವೇ ದಿನ ಇರುವಾಗ ಅಮೆರಿಕದ ಸಚಿವೆ ಕ್ರಿಸ್ಟಿ ನೋಮ್ ಪೋಲೆಂಡಿಗೇ ಬಂದು ಅವರ ಪರ ಮಾತಾಡಿದರು. ಜೂನ್ 1ರಂದು ನವ್ರೋಟ್ಸ್ಕಿ ಶೇ 50.89 ಮತ ಪಡೆದು ಗೆದ್ದರು. ಪೋಲೆಂಡಿನ ಪಕ್ಕದಲ್ಲಿ ಯುದ್ಧ ನಡೆಯುತ್ತಿದೆ. ರಷ್ಯಾದ ಭಯ ಅಲ್ಲಿ ತಲೆತಲಾಂತರದ್ದು. ಸುಮಾರು 10 ಸಾವಿರ ಅಮೆರಿಕದ ಸೈನಿಕರು ಆ ನೆಲದಲ್ಲಿದ್ದಾರೆ. ಅಲ್ಲಿನ ಬಹಳಷ್ಟು ಮತದಾರರಿಗೆ ಅಮೆರಿಕ ಬೇಲಿ ಕೀಳುವವನಲ್ಲ, ಬೇಲಿ ಕಾಯುವವನು. ಅಂಥ ಕಡೆ ಶ್ವೇತಭವನದ ಫೋಟೊ ಹೆಮ್ಮೆಯ ವಿಷಯ. ಆದರೆ ಅದೇ ಭಯ ಇರುವ ರೊಮೇನಿಯಾದಲ್ಲಿ, ಟ್ರಂಪ್ ಅಭಿಮಾನಿಯೆಂದೇ ಗುರುತಿಸಿಕೊಂಡ ಜಾರ್ಜ್ ಸಿಮಿಯೊನ್ ಮೊದಲ ಸುತ್ತಿನಲ್ಲಿ ಶೇ 41 ಪಡೆದೂ ಮೇ 18ರ ಎರಡನೇ ಸುತ್ತಿನಲ್ಲಿ ಬುಕಾರೆಸ್ಟ್ ಮೇಯರ್ ನಿಕುಶೋರ್ ಡಾನ್ ಎದುರು ಸೋತರು. ಎದುರಾಳಿಗಳೆಲ್ಲ ಒಂದಾದ ಕೆನಡಾದ ಲೆಕ್ಕವೇ ಅಲ್ಲೂ ನಡೆಯಿತು. ಆದ್ದರಿಂದ ಇದಕ್ಕೆ ಒಂದು ಸೂತ್ರ ಬರೆದಿಡುವುದು ಕಷ್ಟ.

ಮತ್ತೆ ಅರ್ಜೆಂಟೀನಾ. 2025ರ ಸೆಪ್ಟೆಂಬರ್‌ನಲ್ಲಿ ಅಧ್ಯಕ್ಷ ಹಾವಿಯರ್ ಮಿಲೇ ಪಕ್ಷ ಬ್ಯೂನಸ್ ಐರಿಸ್ ಪ್ರಾಂತ್ಯದ ಚುನಾವಣೆಯಲ್ಲಿ ಹೀನಾಯವಾಗಿ ಸೋತಿತು. ಪೆಸೊ ಕುಸಿಯಿತು. ಅಮೆರಿಕ 2,000 ಕೋಟಿ ಡಾಲರ್‌ನ ಕರೆನ್ಸಿ ವಿನಿಮಯದ ನೆರವು ಘೋಷಿಸಿತು. ಅಕ್ಟೋಬರ್ 14ರಂದು ಮಿಲೇ ಅವರನ್ನು ಪಕ್ಕದಲ್ಲೇ ಕೂರಿಸಿಕೊಂಡು, ಇವರು ಗೆಲ್ಲದಿದ್ದರೆ ನಮ್ಮ ಧಾರಾಳ ಇರುವುದಿಲ್ಲ ಎಂದು ಟ್ರಂಪ್ ಹೇಳಿದರು. 1946ರ ಬ್ರೇಡನ್ ಮಾತಿಗಿಂತ ಇದು ಒರಟು. ಆದರೂ ಅಕ್ಟೋಬರ್ 26ರ ಸಂಸತ್ ಚುನಾವಣೆಯಲ್ಲಿ ಮಿಲೇ ಪಕ್ಷ ಸುಮಾರು ಶೇ 41 ಮತ ಪಡೆದು ಗೆದ್ದಿತು.

ಅದೇ ದೇಶ, ಅದೇ ರೀತಿಯ ಮಾತು, ಫಲ ಮಾತ್ರ ಬೇರೆ. ಕಾರಣ ಏನಿರಬಹುದು ಅಂತ ನಾನು ಬಹಳ ಯೋಚಿಸಿದ್ದೇನೆ. 1946ರ ಅರ್ಜೆಂಟೀನಾ ತುಂಬಿದ ಖಜಾನೆಯ ದೇಶ. ಯುದ್ಧದ ವರ್ಷಗಳಲ್ಲಿ ಧಾನ್ಯ, ಮಾಂಸ ಮಾರಿ ದುಡ್ಡು ಕೂಡಿಸಿಟ್ಟಿತ್ತು. ಹೊರಗಿನವರ ಮಾತನ್ನು ತಳ್ಳಿಹಾಕಲು ಅದಕ್ಕೆ ಶಕ್ತಿ ಇತ್ತು. 2025ರ ಮತದಾರ ಬೆಲೆ ಏರಿಕೆಯಲ್ಲಿ ಬೆಂದು ಬಂದವನು. ನಾಳೆ ಪೆಸೊ ಮತ್ತೆ ಬಿದ್ದರೆ ಸಂಬಳ ಕರಗುತ್ತದೆ ಅನ್ನುವ ಭಯ ಅವನ ಹೊಟ್ಟೆಯಲ್ಲಿತ್ತು. ಸ್ವಾಭಿಮಾನ ಇರಲಿಲ್ಲ ಅಂತಲ್ಲ. ಹೊರಗಿನವನು ಕಸಿದುಕೊಳ್ಳಲು ಬಂದರೆ ಜನ ಒಂದಾಗಿ ನಿಲ್ಲುತ್ತಾರೆ. ಅವನು ಕೈಯಲ್ಲಿ ದುಡ್ಡು ಹಿಡಿದು, ಕೊಡದೆಯೂ ಇರಬಹುದು ಎಂದು ಬೆದರಿಸಿದರೆ, ಮನೆ ನಡೆಸುವವರು ನುಂಗಿಕೊಂಡು ಮತ ಹಾಕುತ್ತಾರೆ. ಇದನ್ನು ಟ್ರಂಪ್ ಜನಪ್ರಿಯತೆ ಎಂದು ಕರೆಯುವುದು ನನಗೆ ಸರಿ ಕಾಣುವುದಿಲ್ಲ. ಅಲ್ಲಿ ಮತ ಹಾಕಿದವರ ಸಂಕಟವನ್ನು ಆ ಪದ ಮುಚ್ಚಿಬಿಡುತ್ತದೆ.

ಯುರೋಪಿನ ಬಲಪಂಥೀಯ ನಾಯಕರು ಇದನ್ನೆಲ್ಲ ನೋಡುತ್ತಿದ್ದಾರೆ. ಫ್ರಾನ್ಸಿನ ಜೋರ್ಡಾನ್ ಬಾರ್ಡೆಲಾ 2025ರ ಫೆಬ್ರುವರಿಯಲ್ಲಿ ವಾಷಿಂಗ್ಟನ್ ತನಕ ಹೋಗಿ, ಟ್ರಂಪ್ ಬಳಗದ ದೊಡ್ಡ ಸಮ್ಮೇಳನದಲ್ಲಿ ಮಾಡಬೇಕಿದ್ದ ಭಾಷಣ ರದ್ದು ಮಾಡಿ ವಾಪಸ್ ಬಂದರು. ಅದೇ ವೇದಿಕೆಯಲ್ಲಿ ಟ್ರಂಪ್ ಅವರ ಮಾಜಿ ಸಲಹೆಗಾರ ಸ್ಟೀವ್ ಬ್ಯಾನನ್ ನಾಜಿ ವಂದನೆಯನ್ನು ಹೋಲುವಂತೆ ಕೈ ಎತ್ತಿದ್ದು ಅವರು ಕೊಟ್ಟ ಕಾರಣ. ಮನೆಯಲ್ಲಿ ಗೆಲ್ಲಬೇಕಾದವನು ಯಾವ ಫೋಟೊದಲ್ಲಿ ಇರಬಾರದು ಅಂತ ಮೊದಲೇ ಲೆಕ್ಕ ಹಾಕುವ ಕಾಲ ಬಂದಿದೆ.

ಪೊಲಿಯೆವ್ ಆಗಸ್ಟ್ 18ರಂದು ಸಂಸತ್ತಿಗೆ ಮರಳಿದರು. ಅವರ ಪಕ್ಷದ ಸಂಸದರೊಬ್ಬರು ಆಲ್ಬರ್ಟ ಪ್ರಾಂತ್ಯದ ಬ್ಯಾಟಲ್ ರಿವರ್–ಕ್ರೋಫುಟ್ ಕ್ಷೇತ್ರವನ್ನು ಬಿಟ್ಟುಕೊಟ್ಟಿದ್ದರು. ಅಲ್ಲಿನ ಉಪಚುನಾವಣೆಯಲ್ಲಿ ಪೊಲಿಯೆವ್ ಶೇ 80ರಷ್ಟು ಮತ ಪಡೆದರು. ಎಣ್ಣೆ ಬಾವಿ, ಗೋಧಿ ಹೊಲಗಳ ಆ ನಾಡಿನಲ್ಲಿ ಒಟ್ಟಾವದ ಮೇಲಿನ ಸಿಟ್ಟು ವಾಷಿಂಗ್ಟನ್ ಮೇಲಿನ ಸಿಟ್ಟಿಗಿಂತ ಹಳೆಯದು. ನೇಪಿಯನ್ ಪಕ್ಕದ ಕಾರ್ಲ್‌ಟನ್‌ನಲ್ಲಿ ಸಿಗದ ಮತ ಅಲ್ಲಿ ಧಾರಾಳವಾಗಿ ಸಿಕ್ಕಿತು. ಅವರಿಗೆ ಪ್ರಧಾನಿಯಾಗಲು ಬೇಕಿರುವುದು ಆ ಶೇ 80 ಅಲ್ಲ. ಒಂಟಾರಿಯೊದ ಕ್ಷೇತ್ರಗಳಲ್ಲಿ, ಚೀಟಿ ನೋಡಿ ದಿನಸಿ ಕೊಳ್ಳುವ ಜನರ ನಡುವೆ, ಇನ್ನೊಂದು ಎರಡು ಮೂರು ಅಂಕ.